ನೂರು ಮಣಿಯ ಸರ, ಅರ್ಧ ಪುಟದ ಡೈರಿ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭೌಗೋಳಿಕ ಅನ್ವೇಷಣೆಗಳ ಪಾಠ ಮುಗಿದ ಮೇಲೆ ‘ನೀವೇ ಒಬ್ಬ ಅನ್ವೇಷಕ ಎಂದುಕೊಂಡು ಮೂರು ದಿನದ ಡೈರಿ ಬರೆಯಿರಿ’ ಎಂದು ಮಕ್ಕಳಿಗೆ ಹೇಳಿದೆ. 42 ಮಕ್ಕಳಲ್ಲಿ 31 ಜನ ವಾಸ್ಕೋ ಡ ಗಾಮ ಆಗಿಬಿಟ್ಟರು. ಎಲ್ಲರದ್ದೂ ಪುಸ್ತಕದ ಸಾಲೇ. ‘ಅವನು’ ಇದ್ದಲ್ಲಿ ‘ನಾನು’ ಬಂದಿದೆ, ಅಷ್ಟೇ. ಮಾದರಿ ತೋರಿಸೋಣ ಎಂದು ನಾನೇ ಕೂತು, ಟಿಬೆಟ್‌ಗೆ ಹೋದ ನೈನ್ ಸಿಂಗ್ ರಾವತ್ ಹೆಸರಿನಲ್ಲಿ ಒಂದು ಪುಟ ಬರೆದೆ. ಓದಿ ನೋಡಿದರೆ ನನ್ನದೂ ಅದೇ ಹಣೆಬರಹ. ಎಲ್ಲಿ ಎಡವಿದ್ದೇನೆ ಹೇಳುತ್ತೀರಾ?

ಉತ್ತರ: ಮೇಡಂ, ಮೊದಲು ಆ 31 ಗಾಮರ ವಿಷಯ. ನಿಮ್ಮ ಮಕ್ಕಳಿಗೆ ಹೇಳಿ, ಗಾಮನ ಮೊದಲ ಪ್ರಯಾಣದ ಡೈರಿಯೊಂದು ನಿಜಕ್ಕೂ ಉಳಿದು ಬಂದಿದೆ. ಆದರೆ ಅದನ್ನು ಬರೆದವನು ಗಾಮ ಅಲ್ಲ, ಅದೇ ಹಡಗುಗಳಲ್ಲಿದ್ದ ಯಾರೋ ಒಬ್ಬ. ಹೆಸರನ್ನೂ ಹಾಕಿಲ್ಲ. ಆಲ್ವಾರೊ ವೆಲ್ಯೊ ಎಂಬಾತ ಇರಬೇಕು ಎಂದು ಹಲವರು ಊಹಿಸಿದ್ದಾರೆ. ಈ ಮನುಷ್ಯ ಕಲ್ಲಿಕೋಟೆಯ ದೇವಸ್ಥಾನ ನೋಡಿ ಅದನ್ನು ಚರ್ಚ್ ಅಂದುಕೊಂಡ. ಗೋಡೆಯ ಮೇಲಿದ್ದ ಚಿತ್ರಗಳನ್ನು ಕ್ರೈಸ್ತ ಸಂತರೇ ಅಂದುಕೊಂಡು, ಅವರ ಹಲ್ಲು ಬಾಯಿಂದ ಹೊರಗೆ ಬಂದಿವೆ, ನಾಲ್ಕೈದು ಕೈಗಳಿವೆ ಅಂತ ಬರೆದುಕೊಂಡ. ಆ ಸಾಲು ಓದುವಾಗ ನಗು ಬರುತ್ತೆ. ಆದರೆ ‘ಗಾಮನು ಹೊಸ ಜಲಮಾರ್ಗವನ್ನು ಕಂಡುಹಿಡಿದನು’ ಅನ್ನುವುದರಲ್ಲಿ ಸಿಗದ ಒಬ್ಬ ಮನುಷ್ಯ ಅಲ್ಲಿ ಸಿಕ್ಕಿಬಿಡುತ್ತಾನೆ. ತಾನು ನೋಡುತ್ತಿರುವುದು ಏನು ಎಂದೇ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೂ ಗೊತ್ತಿಲ್ಲ.

ಗಾಮನ ಹಡಗಿಗೆ ಆಮೇಲೆ ವಾಪಸ್ ಬರೋಣ. ಈಗ ನಿಮ್ಮ ಪುಟ. ಬೇರೆ ಓದುಗರಿಗೂ ಗೊತ್ತಾಗಲಿ ಎಂದು ಇಲ್ಲಿ ಕೊಡುತ್ತಿದ್ದೇನೆ:

‘1866 ಜನವರಿ 10. ಇಂದು ನಾನು ಲಾಸಾ ನಗರವನ್ನು ತಲುಪಿದೆ. ಇದು ಸಮುದ್ರ ಮಟ್ಟದಿಂದ 3,650 ಮೀಟರ್ ಎತ್ತರದಲ್ಲಿದೆ. ಬ್ರಹ್ಮಪುತ್ರಾ ನದಿಯ ದಡದಲ್ಲಿ ನಡೆದು ಬಂದ ನನಗೆ ತುಂಬಾ ಸಂತೋಷವಾಯಿತು. ನನ್ನ ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿವೆ. ನಾನು ಬ್ರಿಟಿಷರಿಗಾಗಿ ರಹಸ್ಯವಾಗಿ ಅಳತೆ ಮಾಡುತ್ತಿದ್ದೇನೆ.’

ಬೇಜಾರು ಮಾಡಿಕೊಳ್ಳಬೇಡಿ. ದಿನಾಂಕ ಸರಿ, ಮಣಿಯ ಲೆಕ್ಕ ಸರಿ. ನೀವು ಓದಿಕೊಂಡೇ ಬರೆದಿದ್ದೀರಿ. ಆದರೆ ಆ ಕೊನೆಯ ಸಾಲು ಯಾರ ಕೈಗಾದರೂ ಸಿಕ್ಕಿದ್ದರೆ ನೈನ್ ಸಿಂಗ್ ತಲೆ ಉಳಿಯುತ್ತಿರಲಿಲ್ಲ! ಆತ ಲಾಸಾದಲ್ಲಿ ಇದ್ದಾಗಲೇ, ಅಪ್ಪಣೆ ಇಲ್ಲದೆ ಊರಿಗೆ ಬಂದ ಒಬ್ಬ ಚೀನೀಯನ ತಲೆಯನ್ನು ಎಲ್ಲರೆದುರು ಕಡಿದರು. ಅದನ್ನು ನೋಡಿದ ಮೇಲೆ ಆತ ಇದ್ದ ಮನೆ ಬದಲಾಯಿಸಿದ, ಹೊರಗೆ ಓಡಾಡುವುದನ್ನೂ ಕಡಿಮೆ ಮಾಡಿದ. ಇಂಥವನು ‘ನಾನು ಗೂಢಚಾರ’ ಅಂತ ಕಾಗದದ ಮೇಲೆ ಬರೆದಿಡುತ್ತಾನಾ?

ಮಣಿಯ ಸಾಲೂ ಹಾಗೇ. ನನ್ನ ಬಲಗೈಯಲ್ಲಿ ಐದು ಬೆರಳಿವೆ ಅಂತ ನಾವು ಯಾರೂ ಡೈರಿಯಲ್ಲಿ ಬರೆಯುವುದಿಲ್ಲ ಅಲ್ವಾ? ದಿನವಿಡೀ ಕೈಯಲ್ಲಿರುವ ಸರದಲ್ಲಿ ಎಷ್ಟು ಮಣಿ ಎಂದು ಆತ ತನಗೆ ತಾನೇ ಹೇಳಿಕೊಳ್ಳುವುದಿಲ್ಲ. ಅದು ನೀವು ನಿಮ್ಮ ಮಕ್ಕಳಿಗೆ ಹೇಳುತ್ತಿರುವ ಮಾತು. ಓದುವವರಿಗೆ ಗೊತ್ತಾಗಲಿ ಎಂದು ಹಾಕಿದ ಸಾಲು ಡೈರಿಯಲ್ಲಿ ತಕ್ಷಣ ಎದ್ದು ಕಾಣುತ್ತೆ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

3,650 ಮೀಟರ್ ಮತ್ತು ಬ್ರಹ್ಮಪುತ್ರಾ, ಎರಡೂ ಆತನಿಗೆ ಗೊತ್ತಿರದ ವಿಷಯ. ಆತ ನಡೆದದ್ದು ಟಿಬೆಟ್‌ನವರು ಸಾಂಗ್ಪೋ ಅನ್ನುವ ನದಿಯ ಜೊತೆಗೆ. ಅದೇ ಮುಂದೆ ಅಸ್ಸಾಮಿಗೆ ಇಳಿದು ಬ್ರಹ್ಮಪುತ್ರಾ ಆಗುತ್ತದೆಯೋ ಇಲ್ಲವೋ ಅನ್ನುವುದು ಆಗ ಇನ್ನೂ ವಾದದಲ್ಲೇ ಇತ್ತು. ಎತ್ತರದ ಕಥೆ ಇನ್ನೂ ಸ್ವಾರಸ್ಯ. ಅದಕ್ಕೆ ಆತನ ಹಿನ್ನೆಲೆ ಸ್ವಲ್ಪ ಹೇಳಬೇಕು.

ನೈನ್ ಸಿಂಗ್ ಈಗಿನ ಉತ್ತರಾಖಂಡದ ಕುಮಾವೂಂ ಸೀಮೆಯ ಜೋಹಾರ್ ಕಣಿವೆಯ ಮಿಲಮ್ ಎಂಬ ಹಳ್ಳಿಯವನು. ಹುಟ್ಟಿದ್ದು 1830ರಲ್ಲಿ. ಆ ಕಣಿವೆಯವರು ಟಿಬೆಟ್ ಜೊತೆ ವ್ಯಾಪಾರ ಮಾಡುವವರು, ಅಲ್ಲಿನ ಮಾತು ಬರುತ್ತಿತ್ತು. ನಿಮ್ಮ ಹಾಗೇ ಮೇಷ್ಟ್ರು ಆತ, ಅದಕ್ಕೇ ‘ಪಂಡಿತ್’ ಅನ್ನುವ ಹೆಸರು. ಟಿಬೆಟ್ ಒಳಗೆ ಯುರೋಪಿನವರಿಗೆ ಪ್ರವೇಶ ಇರಲಿಲ್ಲ. ಹಾಗಾಗಿ ಸರ್ವೇ ಇಲಾಖೆಯ ಕ್ಯಾಪ್ಟನ್ ಮಾಂಟ್‌ಗೋಮರಿ 1863ರಲ್ಲಿ ಈತನನ್ನೂ ಈತನ ದಾಯಾದಿ ಮಣಿ ಸಿಂಗ್‌ನನ್ನೂ ಡೆಹ್ರಾಡೂನ್‌ಗೆ ಕರೆಸಿ ತರಬೇತಿ ಕೊಡಿಸಿದ. ಏರು ಇರಲಿ, ಇಳಿಜಾರು ಇರಲಿ, ಒಂದೇ ಅಳತೆಯ ಹೆಜ್ಜೆ ಹಾಕುವುದು ಕಲಿಸಿದರು. ಮೈಲಿಗೆ ಸುಮಾರು 2,000 ಹೆಜ್ಜೆ. ನೂರು ಹೆಜ್ಜೆಗೆ ಒಂದು ಮಣಿ ಜಾರಿಸಬೇಕು. ಸರ ಒಂದು ಸುತ್ತು ಬಂದರೆ 10,000 ಹೆಜ್ಜೆ, ಅಂದರೆ ಐದು ಮೈಲಿ. ಆ ಪ್ರಯಾಣದಲ್ಲಿ ಆತ ನಡೆದದ್ದು ಸುಮಾರು 1,200 ಮೈಲಿ. ಲೆಕ್ಕ ಹಾಕಿ ನೋಡಿ, 24 ಲಕ್ಷ ಹೆಜ್ಜೆ, 240 ಸುತ್ತು.

ಎತ್ತರ ಅಳೆಯಲು ಥರ್ಮಾಮೀಟರ್. ಮೇಲೆ ಹೋದಷ್ಟೂ ನೀರು ಬೇಗ, ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಚಹಾಕ್ಕೆ ನೀರಿಟ್ಟಾಗ ಸುಮ್ನೆ ಅದ್ದಿ ನೋಡಿ ಬರೆದುಕೊಳ್ಳುವುದು. ಅಕ್ಷಾಂಶಕ್ಕೆ ಸೆಕ್ಸ್ಟಂಟ್ ಬೇಕು, ಅಂದರೆ ನಕ್ಷತ್ರದ ಕೋನ ಅಳೆಯುವ ಉಪಕರಣ. ಅದು ಪೆಟ್ಟಿಗೆಯ ಕಳ್ಳ ಅರೆಯಲ್ಲಿ. ನಕ್ಷತ್ರದ ಎತ್ತರ ಹಿಡಿಯಲು ಅಲುಗಾಡದ ಕನ್ನಡಿಯಂಥದ್ದು ಬೇಕು, ಅದಕ್ಕೆ ಬಟ್ಟಲಲ್ಲಿ ಪಾದರಸ ಸುರಿಯುತ್ತಿದ್ದ. ಆ ಪಾದರಸ ಹೊತ್ತು ತಂದದ್ದು ಕವಡೆಯೊಳಗೆ ತುಂಬಿ, ಬಾಯಿಗೆ ಮೇಣ ಮೆತ್ತಿ.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಅಳೆಯುವುದು ಹೇಗೆ ಎಂದು ಕಲಿಸಿದರು, ಆ ಅಳತೆಯಿಂದ ಎತ್ತರ, ಅಕ್ಷಾಂಶ ತೆಗೆಯುವ ಲೆಕ್ಕ ಕಲಿಸಲಿಲ್ಲ. ಕಲಿಸಿದರೆ ಮನೆಯಲ್ಲೇ ಕೂತು ಸುಳ್ಳು ಅಂಕಿ ಕಟ್ಟಿಬಿಟ್ಟಾರು ಅನ್ನುವ ಭಯ. ಹಾಗಾಗಿ ಲಾಸಾದಲ್ಲಿ ನಿಂತಾಗ ಆತನ ಬಳಿ ಇದ್ದದ್ದು ನೀರು ಎಷ್ಟು ಡಿಗ್ರಿಗೆ ಕುದಿಯಿತು ಅನ್ನುವ ಅಂಕಿ ಮಾತ್ರ. ಅದರ ಅರ್ಥ ಗೊತ್ತಾದದ್ದು ಆತ ವಾಪಸ್ ಬಂದ ಮೇಲೆ, ಲೆಕ್ಕದವರ ಮೇಜಿನ ಮೇಲೆ. ಮೀಟರಂತೂ ಆಗ ಅವರ ಲೆಕ್ಕದಲ್ಲೇ ಇಲ್ಲ, ಎಲ್ಲ ಅಡಿ ಮತ್ತು ಮೈಲಿ. ನೀವು ಆತನ ಕೈಯಲ್ಲಿ 3,650 ಎಂದು ಬರೆಸಿದ ಕೂಡಲೇ ಲಾಸಾ ಮಾಯವಾಗಿ ಗೂಗಲ್ ಬಂತು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ನಾನು ಶಿಬಿರಗಳಲ್ಲಿ ಮಕ್ಕಳಿಗೆ ಮೊದಲು ಕೇಳುವ ಪ್ರಶ್ನೆ ‘ನೀನು ಯಾರು’ ಅಂತ ಅಲ್ಲ, ‘ನೀನು ಬರೆಯುತ್ತಿರುವ ಕಾಗದ ಈಗ ಎಲ್ಲಿದೆ’ ಅಂತ. ನೈನ್ ಸಿಂಗ್ ಟಿಪ್ಪಣಿಗಳು ಇದ್ದದ್ದು ಪ್ರಾರ್ಥನಾ ಚಕ್ರದೊಳಗೆ. ಬೌದ್ಧರು ಕೈಯಲ್ಲಿ ತಿರುಗಿಸುತ್ತಾ ಹೋಗುತ್ತಾರಲ್ಲ, ಅದು. ಒಳಗೆ ಮಂತ್ರದ ಸುರುಳಿ ಇರಬೇಕಾದ ಜಾಗದಲ್ಲಿ ಬಿಳಿ ಕಾಗದದ ಚೂರುಗಳು. ಎದುರಿಗೆ ಯಾರಾದರೂ ಬಂದರೆ ಚಕ್ರ ತಿರುಗಿಸಿ ಮಂತ್ರ ಶುರು ಮಾಡುವುದು. ಜಪದಲ್ಲಿದ್ದವನನ್ನು ಯಾರೂ ಮಾತಾಡಿಸುವುದಿಲ್ಲ, ಎಣಿಕೆ ತಪ್ಪುವುದಿಲ್ಲ.

ಕಾಗದ ಅಷ್ಟು ಚಿಕ್ಕದು ಅಂದಮೇಲೆ ‘ಹಿಮಾಲಯದ ಸೌಂದರ್ಯ ಕಂಡು ಮೈಮರೆತೆ’ ಅನ್ನುವ ಸಾಲಿಗೆ ಅದರಲ್ಲಿ ಜಾಗವೇ ಇಲ್ಲ. ಮೈಮರೆತರೆ ಮಣಿಯೂ ಮರೆತುಹೋಗುತ್ತೆ. ಇಲ್ಲಿ ಬರೆಯುವವರಿಗೆ ಕಷ್ಟ ಶುರು. ಭಾವನೆ ಬೇಡವೇ? ಬರೀ ಅಂಕಿ ಯಾರು ಓದುತ್ತಾರೆ? ಭಾವನೆ ಬೇಕು. ಆದರೆ ಅದು ಬರುವುದು ಎಣಿಕೆ ತಪ್ಪಿದ ಕಡೆಯಿಂದ. ದಿನಾ ಒಂದೇ ಥರ ಬರೆಯುವವನು ಒಂದು ದಿನ ಬೇರೆ ಥರ ಬರೆದರೆ, ಅಲ್ಲಿ ಏನೋ ಆಗಿದೆ.

ನಿಮ್ಮ ಪುಟವನ್ನು ನಾನು ಹೀಗೆ ಬರೆಯುತ್ತಿದ್ದೆ. ಇದು ನಾನು ಕಟ್ಟಿದ್ದು, ನೈನ್ ಸಿಂಗ್ ಬರೆದದ್ದಲ್ಲ:

‘ಎರಡು ಸುತ್ತು, ಮೇಲೆ 37. ಮಧ್ಯಾಹ್ನ ವ್ಯಾಪಾರಿಯೊಬ್ಬ ಜೊತೆಯಾದ. ಚಕ್ರ ತಿರುಗಿಸಿದೆ, ಆದರೂ ಬಿಡಲಿಲ್ಲ. ಮಗಳ ಮದುವೆ ವಿಷಯ ಹೇಳಿದ. ಮಣಿ 61 ಇತ್ತೋ 62 ಇತ್ತೋ. 61 ಎಂದು ಹಿಡಿದಿದ್ದೇನೆ. ನೀರು ನೋಡಿದೆ. ಮೋಡ, ನಕ್ಷತ್ರ ಇಲ್ಲ.’

‘ನಡೆದಿಲ್ಲ. ಬೇರೆ ಮನೆಗೆ ಬಂದೆ. ಇದಕ್ಕೆ ಹಿಂದೆ ಒಂದು ಬಾಗಿಲಿದೆ. ನೀರು ನೋಡಿಲ್ಲ.’

‘ನೇಪಾಳದ ಅಂಗಡಿಯವನಿಗೆ ಲೆಕ್ಕ ಹೇಳಿಕೊಟ್ಟೆ. ಬೇಗ ಕಲಿಯುತ್ತಾನೆ. ಗಡಿಯಾರ ಅಡವಿಟ್ಟೆ. ಕಾಶ್ಮೀರದವರು ಮತ್ತೇನೂ ಕೇಳಲಿಲ್ಲ. ಮೂರು ದಿನದಿಂದ ಬಜಾರಿಗೆ ಹೋಗಿಲ್ಲ.’

ಎರಡನೆಯ ದಿನ ನೋಡಿ. ತಲೆ ಕಡಿದ ವಿಷಯ ಅದರಲ್ಲಿ ಇಲ್ಲ. ಹಿಂದಿನ ಬಾಗಿಲು ಮಾತ್ರ ಇದೆ. ‘ನನಗೆ ಭಯವಾಯಿತು’ ಎಂದು ಬರೆದಿದ್ದರೆ ಭಯ ಅಲ್ಲಿಗೇ ಮುಗಿದುಹೋಗುತ್ತಿತ್ತು. ‘ನೀರು ನೋಡಿಲ್ಲ’ ಅಂದಾಗ, ಆತ ಆ ದಿನ ಥರ್ಮಾಮೀಟರ್ ಹೊರಗೆ ತೆಗೆಯಲೂ ಹೆದರಿದ ಅಂತ ಓದುವವರಿಗೆ ತಾನಾಗಿಯೇ ಹೊಳೆಯುತ್ತದೆ. ಹೊಳೆಯಬೇಕಾದರೆ ಅದಕ್ಕೂ ಮುಂಚೆ ಎರಡು ಮೂರು ದಿನ ‘ನೀರು ನೋಡಿದೆ’ ಎಂದು ಬಂದಿರಬೇಕು. ಹಾಗಾಗಿ ಮಕ್ಕಳಿಗೆ ಮೂರು ದಿನ ಸಾಲದು, ಆರು ದಿನ ಬರೆಸಿ. ಒಂದೊಂದು ದಿನಕ್ಕೆ ನಾಲ್ಕು ಸಾಲು ಸಾಕು.

ಮೂರನೆಯ ದಿನದಲ್ಲಿ ಬಂದದ್ದಕ್ಕೆಲ್ಲ ಆಧಾರ ಇದೆ. ಲಾಸಾದಲ್ಲಿ ದುಡ್ಡು ಮುಗಿದಾಗ ಆತ ನೇಪಾಳಿ ವ್ಯಾಪಾರಿಗಳಿಗೆ ನಮ್ಮ ಕಡೆಯ ಲೆಕ್ಕದ ಕ್ರಮ ಕಲಿಸಿ ಹೊಟ್ಟೆ ಹೊರೆದ. ಕಾಶ್ಮೀರಿ ಮೂಲದ ಇಬ್ಬರು ಮುಸ್ಲಿಂ ವ್ಯಾಪಾರಿಗಳು ಆತನ ವೇಷ ಕಂಡುಹಿಡಿದು ಬಾಯಿ ಬಿಡಿಸಿದರು. ಆದರೆ ಗುಟ್ಟು ಬಿಟ್ಟುಕೊಡಲಿಲ್ಲ, ಗಡಿಯಾರ ಇಟ್ಟುಕೊಂಡು ಸಾಲವನ್ನೂ ಕೊಟ್ಟರು. ಬಜಾರಿಗೆ ಹೋಗದಿರಲು ಇನ್ನೊಂದು ಕಾರಣವೂ ಸಿಗುತ್ತದೆ. ದಾರಿಯಲ್ಲಿ ಅನುಮಾನಪಟ್ಟು ಆತನನ್ನು ತಡೆದಿದ್ದ, ನೇಪಾಳದ ಗಡಿಯ ಹತ್ತಿರದ ಕೀರಾಂಗ್ ಎಂಬ ಊರಿನ ಅಧಿಕಾರಿ ಒಂದು ದಿನ ಲಾಸಾದ ಬೀದಿಯಲ್ಲೇ ಕಣ್ಣಿಗೆ ಬಿದ್ದ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ನಾನು ಕಥೆಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದೇನೆ. ಅಷ್ಟು ಸ್ವಾತಂತ್ರ್ಯ ಮಕ್ಕಳಿಗೂ ಕೊಡಿ. ಆದರೆ ನಡೆಯದೇ ಇದ್ದದ್ದನ್ನು, ಉದಾಹರಣೆಗೆ ಕಾವಲುಗಾರರ ಜೊತೆ ಕತ್ತಿ ಕಾಳಗ, ಸೇರಿಸಿದರೆ ಕೆಂಪು ಪೆನ್ನು ತೆಗೆಯಿರಿ.

ತಪ್ಪು ತಿಳಿದದ್ದನ್ನು ಮಾತ್ರ ಹಾಗೇ ಬಿಡಿ. ಲಾಸಾದಲ್ಲಿ ಆತ ದಲೈ ಲಾಮಾರನ್ನು ನೋಡಿದ. ಬೆಳ್ಳಗೆ, ಲಕ್ಷಣವಾಗಿದ್ದ ಸುಮಾರು 13 ವರ್ಷದ ಹುಡುಗ ಎಂದು ವರದಿಯಲ್ಲಿದೆ. ಆಗಿದ್ದವರು 12ನೆಯ ದಲೈ ಲಾಮಾ, ಹುಟ್ಟಿದ್ದು 1857ರ ಸುಮಾರಿಗೆ. ಅಂದರೆ ಒಂಬತ್ತು ಹತ್ತು ವರ್ಷ ಅಷ್ಟೇ. ನಿಮ್ಮ ವಿದ್ಯಾರ್ಥಿ ಡೈರಿಯಲ್ಲಿ 13 ಎಂದು ಬರೆದರೆ ತಿದ್ದಬೇಡಿ. ಎತ್ತರದ ಪೀಠದ ಮೇಲೆ ಕೂತ ಹುಡುಗ, ಕೆಳಗೆ ತಲೆ ಬಗ್ಗಿಸಿಕೊಂಡು ಎದೆ ಹೊಡೆದುಕೊಳ್ಳುತ್ತಿರುವ ವೇಷಧಾರಿ. ವಯಸ್ಸು ಸರಿಯಾಗಿ ಅಂದಾಜು ಮಾಡುವ ಹೊತ್ತೇ ಅದು?

ಎಲ್ಲ ಅನ್ವೇಷಕರೂ ಹೀಗೆ ನಾಲ್ಕು ಸಾಲಿನವರಲ್ಲ, ಅದನ್ನೂ ಹೇಳಬೇಕು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಪನಿಯ ಅಪ್ಪಣೆ ಹಿಡಿದು ಬಂದವನು. ಬಚ್ಚಿಡುವ ಗರಜಿಲ್ಲ. ರಾಗಿ ಯಾವಾಗ ಬಿತ್ತುತ್ತಾರೆ, ಕೂರಿಗೆ ಹೇಗಿದೆ, ಕಬ್ಬಿಣ ಹೇಗೆ ಕರಗಿಸುತ್ತಾರೆ ಅಂತ ಊರೂರಿಗೂ ಪುಟಗಟ್ಟಲೆ ಬರೆದ. ಅದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಅವನ ಹೆಸರಲ್ಲಿ ಬರೆಯುವ ಮಗುವಿಗೆ ಉದ್ದ ಪುಟ ಕೊಡಬಹುದು, ಆದರೆ ಪ್ರಶ್ನೆ ಕೇಳುವ ಗುಣ ಇರಬೇಕು. ಕೊಲಂಬಸ್ ಎರಡು ಲೆಕ್ಕ ಇಡುತ್ತಿದ್ದ ಎಂದು ಅವನ ಡೈರಿಯ ಸಾರಾಂಶದಲ್ಲಿದೆ. ನಿಜವಾದ ದೂರ ತನಗೆ, ಕಡಿಮೆ ಮಾಡಿದ್ದು ಹೆದರಿದ ನಾವಿಕರಿಗೆ. ದಕ್ಷಿಣ ಧ್ರುವದಿಂದ ಬರುವಾಗ ಸತ್ತ ಸ್ಕಾಟ್ ಕೊನೆಯ ಸಾಲು ಬರೆದದ್ದು 1912 ಮಾರ್ಚ್ 29ರಂದು. ಆ ಹೊತ್ತಿಗೆ ತಾನು ಬದುಕುವುದಿಲ್ಲ, ಇದನ್ನು ಬೇರೆಯವರು ಓದುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಮನೆಯವರನ್ನು ನೋಡಿಕೊಳ್ಳಿ ಎಂದು ಕೇಳಿದ. ಯಾರು ಓದುತ್ತಾರೆ ಅನ್ನುವುದು ತೀರ್ಮಾನವಾದರೆ ಅರ್ಧ ಬರವಣಿಗೆ ಆದ ಹಾಗೆ.

ರುಚಿ, ವಾಸನೆ, ಚಳಿ ಹೇಗೆ ತರುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ವಿಚಿತ್ರವಾದ ಟಿಬೆಟಿಯನ್ ಚಹಾ ಕುಡಿದೆ’ ಎಂದು ಮಕ್ಕಳು ಬರೆಯುತ್ತಾರೆ. ನೈನ್ ಸಿಂಗ್‌ಗೆ ಅದು ವಿಚಿತ್ರ ಅಲ್ಲ, ಆತನ ಊರಿನವರಿಗೆ ಆ ದಾರಿ, ಆ ಜನ ಮೊದಲೇ ಗೊತ್ತು. ವಿಚಿತ್ರ ಅನ್ನಿಸಿದ್ದು ನನಗೆ. ಕೆಲವು ವರ್ಷದ ಹಿಂದೆ, ಟಿಬೆಟಿಯನ್ನರು ನೆಲೆಸಿರುವ ಬೈಲಕುಪ್ಪೆಗೆ ಹೋದಾಗ ಒಂದು ಮನೆಯಲ್ಲಿ ಬೆಣ್ಣೆ ಚಹಾ ಕೊಟ್ಟರು. ಚಹಾ ಅಂದುಕೊಂಡು ಬಾಯಿಗಿಟ್ಟರೆ ಉಪ್ಪು. ಮುಖ ಕಿವುಚಿದೆ, ಮನೆಯ ಅಜ್ಜಿ ನಕ್ಕರು. ಎರಡನೆಯ ಗುಟುಕಿಗೆ ಅದನ್ನು ಸಾರು ಎಂದುಕೊಂಡು ಕುಡಿದೆ, ಹಿಡಿಸಿತು. ತಣ್ಣಗಾಗುತ್ತಾ ಬಂದಾಗ ಮೇಲೆ ಬೆಣ್ಣೆ ಕಟ್ಟಿಕೊಂಡು ತುಟಿಗೆ ಅಂಟುತ್ತೆ. ಈ ಅಂಟು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ನಿಮ್ಮ ಮಕ್ಕಳು ಮೈಸೂರು, ಕೊಡಗಿನ ಕಡೆಯವರಾದರೆ ಒಂದು ದಿನ ಕರೆದುಕೊಂಡು ಹೋಗಿ. ಅಜ್ಜಂದಿರು ಚಕ್ರ ತಿರುಗಿಸುವುದನ್ನು ನೋಡಲಿ. ಮಣಿಕಟ್ಟು ಎಷ್ಟು ಸಣ್ಣಗೆ ಅಲುಗುತ್ತೆ ಅನ್ನುವುದನ್ನು ಗಮನಿಸಲಿ.

ಅಷ್ಟು ದೂರ ಆಗದಿದ್ದರೆ ಶಾಲೆಯಲ್ಲೇ ಮಾಡಬಹುದಾದ್ದು ಒಂದಿದೆ. ಪ್ರತಿಯೊಬ್ಬರ ಎಡ ಜೇಬಿಗೆ ಇಪ್ಪತ್ತು ಹುಣಸೆ ಬೀಜ ಕೊಡಿ. ಗೇಟಿನಿಂದ ಬಸ್ ಸ್ಟಾಂಡಿಗೆ ನಡೆಯಲಿ. ನೂರು ಹೆಜ್ಜೆಗೆ ಒಂದು ಬೀಜ ಬಲ ಜೇಬಿಗೆ. ಮಧ್ಯೆ ಇಬ್ಬರು ಹುಡುಗರನ್ನು ನಿಲ್ಲಿಸಿ, ಹೋಗುವವರನ್ನು ಮಾತಿಗೆ ಎಳೆಯುವುದು ಅವರ ಕೆಲಸ. ವಾಪಸ್ ಬಂದ ತಕ್ಷಣ, ನೀರು ಕುಡಿಯುವ ಮುಂಚೆ, ಬಸ್ ಟಿಕೆಟ್ ಅಳತೆಯ ಚೀಟಿಯಲ್ಲಿ ಆ ದಿನದ ಡೈರಿ ಬರೆಸಿ. ನಾನು ಮಾಡಿಸಿದಾಗ ಒಬ್ಬ ಹುಡುಗಿ ಬರೆದದ್ದು: ‘11 ಬೀಜ. ನಾಯಿ ಬಂತು, ಓಡಿದೆ. ಓಡಿದ್ದನ್ನು ಎಣಿಸಿಲ್ಲ.’ ಮೂರು ಚಿಕ್ಕ ವಾಕ್ಯ. ನಾನು ಆ ಚೀಟಿ ಇಟ್ಟುಕೊಂಡಿದ್ದೇನೆ.

ಇನ್ನು ಆ 31 ಗಾಮರು. ಅವರ ಶ್ರಮ ವ್ಯರ್ಥ ಮಾಡಬೇಡಿ. ಅವರನ್ನೆಲ್ಲ ಗಾಮನ ಕುರ್ಚಿಯಿಂದ ಇಳಿಸಿ ಹೆಸರಿಲ್ಲದ ಆ ನಾವಿಕನ ಜಾಗದಲ್ಲಿ ಕೂರಿಸಿ. ಜಾಗ ನಾನು ಹೇಳುತ್ತೇನೆ: ಅಂಜುದೀವ್, ನಮ್ಮ ಕಾರವಾರದ ಹತ್ತಿರ ಇರುವ ಪುಟ್ಟ ದ್ವೀಪ. 1498ರ ಸೆಪ್ಟೆಂಬರ್ ಕೊನೆಯಲ್ಲಿ, ಊರಿಗೆ ಮರಳುವ ದಾರಿಯಲ್ಲಿ, ಹಡಗುಗಳು ಅಲ್ಲಿ ನಿಂತವು. ಹಡಗನ್ನು ದಡಕ್ಕೆಳೆದು ತಳ ಕೆರೆದರು, ಕುಡಿಯುವ ನೀರು ತುಂಬಿಕೊಂಡರು. ಅಕ್ಟೋಬರ್ 5ಕ್ಕೆ ಹೊರಟರು. ಆಫ್ರಿಕಾದಿಂದ ಬರುವಾಗ ಅದೇ ಕಡಲನ್ನು 23 ದಿನದಲ್ಲಿ ದಾಟಿದ್ದರು. ಈಗ ಗಾಳಿ ಇನ್ನೂ ತಿರುಗಿರಲಿಲ್ಲ. ಮತ್ತೆ ನೆಲ ಕಂಡದ್ದು ಜನವರಿ 2ಕ್ಕೆ, ಮೂರು ತಿಂಗಳಿಗೆ ಮೂರು ದಿನ ಕಡಿಮೆ. ಒಸಡು ಊದಿ ಹಲ್ಲು ಮುಚ್ಚಿಹೋದವು, ಸುಮಾರು 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಉಳಿದರು. ಅದು ವಿಟಮಿನ್ ಸಿ ಕೊರತೆ ಎಂದು ಡೈರಿ ಬರೆದವನಿಗೆ ಗೊತ್ತಿಲ್ಲ, ನಿಮ್ಮ ಮಕ್ಕಳಿಗೆ ಗೊತ್ತು. ಅದನ್ನು ಬಾಯಿ ಬಿಡಬಾರದು, ಅಷ್ಟೇ ಷರತ್ತು.

ಬರೆಯಬೇಕಾದ ದಿನ ಅಕ್ಟೋಬರ್ 4, ಹೊರಡುವ ಹಿಂದಿನ ಸಂಜೆ. ಹೋಗುವಾಗ 23 ದಿನ ಆಯಿತು, ಬರುವಾಗಲೂ ಅಷ್ಟೇ ತಾನೇ ಅಂದುಕೊಂಡು ಕೂತಿದ್ದಾನೆ. ಎಷ್ಟು ಪೀಪಾಯಿ ನೀರು ಸಾಕು ಎಂದು ಅವನು ಬರೆದುಕೊಳ್ಳಲಿ.